ಕಡಲು ಬಿಟ್ಟುಹೋದ ಮರಳು

(ಸಂಡೂರಿನಲ್ಲಿ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ಜನಕ್ಕೆ ಸುನಾಮಿಯ ಮಾತೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಇದ್ದೀತು. ನ್ಯಾಯವಾದ ಪ್ರಶ್ನೆಯೇ. ಸಂಡೂರು ಪಟ್ಟಣವೇ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಯಾವ ಅಲೆಯೂ ಇಲ್ಲಿಗೆ ಬರುವಂತಿಲ್ಲ. ಆದರೆ ನಾನು ಇಂದು ಹೇಳಹೊರಟಿರುವುದು ಅಲೆಗಿಂತ ಹೆಚ್ಚಾಗಿ ಸಾಕ್ಷಿಯ ವಿಷಯ. ಯಾರೂ ಬರೆದಿಡದ, ಯಾರ ನೆನಪಿನಲ್ಲೂ ಉಳಿಯದ ಒಂದು ಘಟನೆ ನಡೆದಿತ್ತೆಂದು ನೆಲವನ್ನು ನೋಡಿ ಹೇಗೆ ತಿಳಿಯುತ್ತಾರೆ? ಹಾಗೆ ತಿಳಿದದ್ದನ್ನು ಎಷ್ಟರಮಟ್ಟಿಗೆ ನಂಬಬಹುದು? ನಂಬದೆ ಹೋದರೆ ಏನಾಗುತ್ತದೆ? ನೆಲ ಅಗೆಯುವುದೆಂದರೇನೆಂದು ಚೆನ್ನಾಗಿ ಬಲ್ಲ ಈ ಸೀಮೆಯವರಿಗೆ ಈ ಪ್ರಶ್ನೆಗಳು ಪರಕೀಯವಾಗಲಾರವು.

ಅಲ್ಲದೆ ಕಡಲು ನಮಗೆ ಅಷ್ಟೊಂದು ದೂರದ ನೆಂಟನೂ ಅಲ್ಲ. ದೋಣಿಮಲೈ, ದೇವಗಿರಿ, ರಾಮಗಡಗಳ ಸಾಲಿನಲ್ಲಿ ಕೆಂಪು ಮತ್ತು ಬೂದು ಪಟ್ಟೆಗಳು ಒಂದರ ಮೇಲೊಂದು ಓಡುವ ಕಬ್ಬಿಣದ ಶಿಲೆಯನ್ನು ತಾವೆಲ್ಲ ಕಂಡಿದ್ದೀರಿ. ಆ ಪಟ್ಟೆಗಳು ನೀರಿನ ತಳದಲ್ಲಿ ಪದರ ಪದರವಾಗಿ ಕುಳಿತ ಕಬ್ಬಿಣ ಮತ್ತು ಸಿಲಿಕಾ. ಇದೇ ಶಿಲಾಪಟ್ಟಿಯಲ್ಲಿ ದಿಂಬುಗಳನ್ನು ಜೋಡಿಸಿಟ್ಟಂತೆ ಕಾಣುವ ಕರಿಕಲ್ಲುಗಳಿವೆ. ಬಿಸಿ ಲಾವಾ ನೀರಿನೊಳಗೆ ಹರಿದು ತಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ತಿಳಿನೀರಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೋಮಟೊಲೈಟ್ ಎಂಬ ಸುಣ್ಣದ ಪದರಗಳೂ ಇಲ್ಲಿ ದೊರೆತಿವೆ. ಇವೆಲ್ಲ ಸುಮಾರು 270 ಕೋಟಿ ವರ್ಷಗಳಷ್ಟು ಹಿಂದಿನವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಈ ಜಿಲ್ಲೆಯನ್ನು ಸುತ್ತಿ, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಗ್ರಂಥವನ್ನು ಪ್ರಕಟಿಸಿದ. ಕಲ್ಲನ್ನು ಓದುವ ವಿದ್ಯೆ ಈ ಸೀಮೆಗೆ ಹೊಸದಲ್ಲ.

ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ತೋರಣಗಲ್ಲಿನಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಬೂದಿಗುಡ್ಡವಿದೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿಯೂ ಅಂಥದೊಂದು ದಿಬ್ಬವಿದೆ. ಅದು ವಾಲಿಯನ್ನು ದಹಿಸಿದ ಬೂದಿ ಎಂದು ಹಿರಿಯರು ಹೇಳುತ್ತಾರೆ. ಅಗೆದು ನೋಡಿದವರಿಗೆ ತಿಳಿದದ್ದು, ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಮತ್ತೆ ಮತ್ತೆ ಸುಟ್ಟ ಸಗಣಿಯ ಬೂದಿಯಿಂದಾದವು ಎಂದು. ಬೂದಿಯ ಪದರ, ಸಗಣಿಯ ಪದರ, ಮಣ್ಣಿನ ಪದರ, ಮತ್ತೆ ಬೂದಿ. ಒಂದೊಂದು ಪದರವೂ ಒಂದೊಂದು ಕಾಲದ ಕೆಲಸ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಕಥೆಯನ್ನು ಕಟ್ಟಿದವರೂ ಒಂದು ಮಾತನ್ನು ಸರಿಯಾಗಿಯೇ ಕಂಡಿದ್ದರು: ಇಲ್ಲಿ ಬೆಂಕಿ ಉರಿದಿತ್ತು. ಇಷ್ಟು ತಿಳಿದವರಿಗೆ ಅಂಡಮಾನಿನ ಜೌಗುನೆಲದಲ್ಲಿ ವಿಜ್ಞಾನಿಗಳು ಮಾಡಿದ ಕೆಲಸದ ಅರ್ಧಭಾಗ ತಿಳಿದಂತೆಯೇ.

2004ರ ಡಿಸೆಂಬರ್ 26, ಭಾನುವಾರ, ಬೆಳಗಿನ ಆರೂವರೆಯ ಹೊತ್ತಿಗೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಕಡಲಿನಡಿಯ ನೆಲ ಬಿರಿಯಿತು. ಬಿರುಕು ಉತ್ತರಕ್ಕೆ ಓಡುತ್ತಾ ನಿಕೋಬಾರ್ ದಾಟಿ ಅಂಡಮಾನ್‌ವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೂ ಸೀಳಿತು. ಭೂಕಂಪದ ಪ್ರಮಾಣ 9.1ಕ್ಕಿಂತ ಕಡಿಮೆಯಿರಲಿಲ್ಲ. ಎರಡು ಗಂಟೆಗಳ ಸುಮಾರಿನಲ್ಲಿ ಅಲೆ ತಮಿಳುನಾಡಿನ ಕರಾವಳಿಯನ್ನು ಮುಟ್ಟಿತು. ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು. ಅಲೆ ಹೊರಟದ್ದಕ್ಕೂ ದಡ ಮುಟ್ಟಿದ್ದಕ್ಕೂ ನಡುವೆ ಎರಡು ಗಂಟೆಗಳ ಕಾಲವಿತ್ತು. ಆ ಎರಡು ಗಂಟೆಗಳಲ್ಲಿ ಯಾರೂ ಯಾರಿಗೂ ಹೇಳಲಿಲ್ಲ. ಹೇಳುವ ವ್ಯವಸ್ಥೆಯೇ ಇರಲಿಲ್ಲ. ಹಿಂದೂ ಮಹಾಸಾಗರಕ್ಕೆ ಅಂಥ ವ್ಯವಸ್ಥೆ ಬೇಕೆಂದು ಸರ್ಕಾರಗಳಿಗೆ ತೋರಿರಲಿಲ್ಲ. ಹೈದರಾಬಾದಿನ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಆರಂಭಿಸಿದ್ದು 2007ರಲ್ಲಿ.

ಏಕೆ ತೋರಿರಲಿಲ್ಲ ಎಂಬುದೇ ಮುಖ್ಯವಾದ ಪ್ರಶ್ನೆ. ಬರಹದಲ್ಲಿ ಉಳಿದ ಹಳೆಯ ದಾಖಲೆಗಳನ್ನು ನೋಡಿದರೆ ಬಂಗಾಳ ಕೊಲ್ಲಿ ಸಾಧುವಾಗಿಯೇ ಕಾಣುತ್ತಿತ್ತು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ದೊಡ್ಡ ಭೂಕಂಪವಾಗಿತ್ತು. ಆಗ ಎದ್ದ ಅಲೆಯನ್ನು ಬಂದರುಗಳ ಉಬ್ಬರವಿಳಿತ ಮಾಪಕಗಳು ಗುರುತಿಸಿದವು. ಅದರ ಎತ್ತರ ಒಂದು ಮೀಟರಿನ ಆಸುಪಾಸು. 1762ರಲ್ಲಿ ಅರಕಾನ್ ಕರಾವಳಿಯಲ್ಲಿ, 1941ರಲ್ಲಿ ಅಂಡಮಾನಿನಲ್ಲಿ ಭೂಕಂಪಗಳಾಗಿದ್ದವು. ಪಡುವಣ ಕಡಲಿನಲ್ಲಿ 1945ರ ನವೆಂಬರ್‌ನಲ್ಲಿ ಮಕ್ರಾನ್ ಕರಾವಳಿಯ ಭೂಕಂಪದಿಂದ ಎದ್ದ ಅಲೆ ಮುಂಬಯಿಯವರೆಗೂ ಬಂದಿತ್ತು. ಆದರೆ ಇಡೀ ಬಂಗಾಳ ಕೊಲ್ಲಿಯನ್ನು ದಾಟಿ ಎದುರು ದಡದಲ್ಲಿ ಊರುಗಳನ್ನು ತೊಳೆದ ಅಲೆಯ ಸುದ್ದಿ ಯಾವ ಕಡತದಲ್ಲಿಯೂ ಇರಲಿಲ್ಲ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ಭಾವಿಸುವುದು ಕಚೇರಿಗಳ ಹಳೆಯ ಅಭ್ಯಾಸ. ಕಡತಗಳ ಆಯಸ್ಸು ಇನ್ನೂರೈವತ್ತು ವರ್ಷ. ಕಡಲಿನ ತಿರುವು ಅದಕ್ಕಿಂತ ದೀರ್ಘವಾದದ್ದು ಎಂಬ ಅನುಮಾನ ಬಂದವರು ಕಡಿಮೆ. ದಖನ್ನಿನ ನೆಲ ಅಲುಗಾಡುವುದಿಲ್ಲವೆಂದು ನಂಬಿದ್ದವರಿಗೆ 1993ರ ಸೆಪ್ಟೆಂಬರ್ 30ರ ಮುಂಜಾವಿನಲ್ಲಿ ಕಿಲ್ಲಾರಿ ಉತ್ತರ ಕೊಟ್ಟದ್ದನ್ನು ಇಲ್ಲಿನ ಹಿರಿಯರು ಮರೆತಿರಲಾರರು.

2004ರ ನಂತರ ವಿಜ್ಞಾನಿಗಳು ದ್ವೀಪಗಳಿಗೆ ಹೋದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಕುಸಲಾ ರಾಜೇಂದ್ರನ್, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದ ಸಿ.ಪಿ. ರಾಜೇಂದ್ರನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಂಡಮಾನ್ ಮತ್ತು ನಿಕೋಬಾರಿನ ಕಡಲಂಚು, ಜೌಗು, ಕಾಂಡ್ಲಾಕಾಡುಗಳಲ್ಲಿ ಗುಂಡಿ ತೋಡಿ ನೋಡಿದರು. ಅವರು ಹಿಡಿದ ದಾರಿ ಸರಳವಾದದ್ದು, ಆದರೆ ಜಾಣತನದ್ದು. ಹಳೆಯ ಸುನಾಮಿಯನ್ನು ಹುಡುಕುವ ಮೊದಲು ಕಣ್ಣೆದುರಿಗೇ ನಡೆದ ಸುನಾಮಿ ಏನೇನು ಗುರುತು ಬಿಟ್ಟಿದೆ ಎಂದು ಕಲಿತರು. ಹುಲಿಯ ಹಳೆಯ ಹೆಜ್ಜೆಯನ್ನು ಗುರುತಿಸಬೇಕಾದವನು ಮೊದಲು ಹೊಸ ಹೆಜ್ಜೆಯನ್ನು ನೋಡಿರಬೇಕಲ್ಲವೇ?

ಏನು ಗುರುತುಗಳು ಅವು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಭಾರತವನ್ನು ಹೊತ್ತ ಭೂಫಲಕ ಅಂಡಮಾನ್ ನಿಕೋಬಾರ್ ದ್ವೀಪಮಾಲೆಯ ಪಶ್ಚಿಮಕ್ಕಿರುವ ಕಂದಕದಲ್ಲಿ ಪೂರ್ವದ ಫಲಕದ ಅಡಿಗೆ ನುಸುಳುತ್ತಿದೆ. ನುಸುಳುವಾಗ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಮೇಲಿನ ಫಲಕದ ಅಂಚು ನೂರಾರು ವರ್ಷಗಳ ಕಾಲ ಕೆಳಕ್ಕೆ ಎಳೆಯಲ್ಪಡುತ್ತದೆ, ಹಿಂಭಾಗ ಉಬ್ಬುತ್ತದೆ. ಬಾಗಿಸಿ ಹಿಡಿದ ಬಿದಿರಿನ ಗಳವನ್ನು ಕೈಬಿಟ್ಟಂತೆ ಒಂದು ದಿನ ಕಚ್ಚು ಬಿಟ್ಟುಹೋಗುತ್ತದೆ. ಆಗ ಅಂಚು ಮೇಲೇಳುತ್ತದೆ, ಉಬ್ಬಿದ್ದ ಹಿಂಭಾಗ ಕುಸಿಯುತ್ತದೆ. ಮೇಲೆದ್ದ ನೆಲ ತನ್ನ ಮೇಲಿನ ನೀರನ್ನೂ ಎತ್ತುತ್ತದೆ, ಅದೇ ಸುನಾಮಿ. ಹೀಗಾಗಿ 2004ರಲ್ಲಿ ಒಂದೇ ದ್ವೀಪಮಾಲೆಯಲ್ಲಿ ಎರಡು ವಿರುದ್ಧ ದೃಶ್ಯಗಳು ಕಂಡವು. ಅಂಡಮಾನಿನ ಪಶ್ಚಿಮದಂಚು ಮತ್ತು ಉತ್ತರ ಸೆಂಟಿನೆಲ್ ದ್ವೀಪ ಮೀಟರಿಗೂ ಮಿಕ್ಕಿ ಮೇಲೆದ್ದವು. ಹವಳದ ದಿಬ್ಬಗಳು ನೀರಿನಿಂದ ಹೊರಬಂದು ಬಿಸಿಲಿಗೆ ಸತ್ತು ಬಿಳಿಚಿಕೊಂಡವು. ಇತ್ತ ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ದೇಶದ ದಕ್ಷಿಣ ತುದಿಯಾದ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ 4.25 ಮೀಟರ್ ಕುಸಿಯಿತು. ಅಲ್ಲಿನ ದೀಪಸ್ತಂಭದ ಬುಡ ನೀರಿನಲ್ಲಿ ಮುಳುಗಿತು.

ಆದ್ದರಿಂದ ಮೇಲೆದ್ದು ಸತ್ತ ಹವಳ ಒಂದು ಸಾಕ್ಷಿ. ಕುಸಿದು ಹೂಳಿನಡಿ ಸೇರಿದ ಕಾಂಡ್ಲಾ ಬೇರು ಇನ್ನೊಂದು ಸಾಕ್ಷಿ. ಮೂರನೆಯದು ಮರಳು. ಜೌಗಿನಲ್ಲಿ ಸಾಮಾನ್ಯ ದಿನಗಳಲ್ಲಿ ಕಪ್ಪು ಮಣ್ಣು ಕೂಡುತ್ತದೆ: ಕೊಳೆತ ಎಲೆ, ಬೇರು, ನುಣ್ಣನೆಯ ಹೂಳು. ಸುನಾಮಿ ಕಡಲತಳವನ್ನೂ ದಡವನ್ನೂ ಕೆರೆದುಕೊಂಡು ಬಂದು ಆ ಕಪ್ಪು ಮಣ್ಣಿನ ಮೇಲೆ ಬಿಳಿಯ ಮರಳನ್ನು ಹಾಸಿ ಹೋಗುತ್ತದೆ. ವರ್ಷಗಳು ಕಳೆದಂತೆ ಹುಲ್ಲು ಬೆಳೆದು, ಕೊಳೆತು, ಮತ್ತೆ ಕಪ್ಪು ಮಣ್ಣು ಮುಚ್ಚುತ್ತದೆ. ಗುಂಡಿ ತೋಡಿದವನಿಗೆ ಗೋಡೆಯಲ್ಲಿ ಕಪ್ಪಿನ ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆಯ ಕೆಳಗಿನ ಅಂಚು ಚಾಕುವಿನಿಂದ ಕೊಯ್ದಂತೆ ಸ್ಪಷ್ಟ. ತಳದಲ್ಲಿ ದಪ್ಪ ಮರಳು, ಮೇಲಕ್ಕೆ ಹೋದಂತೆ ಸಣ್ಣ ಮರಳು; ಏಕೆಂದರೆ ನೀರು ನಿಧಾನವಾದಾಗ ಭಾರವಾದದ್ದು ಮೊದಲು ಇಳಿಯುತ್ತದೆ. ಒಳನಾಡಿನ ಕಡೆಗೆ ಗೆರೆ ತೆಳುವಾಗುತ್ತಾ ಹೋಗುತ್ತದೆ. ಮರಳಿನಲ್ಲಿ ಹವಳದ ಚೂರುಗಳು, ಕಡಲಿನಲ್ಲಿ ಮಾತ್ರ ಬದುಕುವ ಸೂಕ್ಷ್ಮಜೀವಿಗಳ ಚಿಪ್ಪುಗಳು ದೊರೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಚಿಪ್ಪನ್ನು ಕಂಡರೆ ಮರಳು ಹಳ್ಳದಿಂದ ಬಂದದ್ದಲ್ಲ, ಕಡಲಿನಿಂದ ಬಂದದ್ದೆಂದು ಖಾತ್ರಿ.

ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕು, ಎತ್ತದಿದ್ದರೆ ನಾನೇ ಎತ್ತುತ್ತೇನೆ. ಚಂಡಮಾರುತವೂ ಮರಳನ್ನು ತಂದು ಹಾಕುವುದಿಲ್ಲವೇ? ಹಾಕುತ್ತದೆ. ಬಂಗಾಳ ಕೊಲ್ಲಿಯಲ್ಲಂತೂ ಚಂಡಮಾರುತಕ್ಕೆ ಬರಗಾಲವಿಲ್ಲ. ಒಂದು ಗುಂಡಿಯ ಒಂದು ಗೆರೆಯನ್ನು ನೋಡಿ ಸುನಾಮಿ ಎಂದು ಘೋಷಿಸುವವನನ್ನು ನಂಬಬೇಡಿ. ಮರಳಿನ ಗೆರೆಯ ಜೊತೆಗೇ ನೆಲ ಕುಸಿದ ಅಥವಾ ಎದ್ದ ಗುರುತೂ ಇರಬೇಕು. ನೆಲವನ್ನು ಮೀಟರುಗಟ್ಟಲೆ ಎತ್ತಿಳಿಸುವ ಶಕ್ತಿ ಗಾಳಿಗಿಲ್ಲ. ಅದೇ ಕಾಲದ ಗೆರೆ ಬೇರೆ ದ್ವೀಪದಲ್ಲೂ, ಸಾಧ್ಯವಾದರೆ ಎದುರು ದಡದಲ್ಲೂ ಸಿಗಬೇಕು. ಒಬ್ಬ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡುವಂತಿಲ್ಲ. ಈ ಕೆಲಸ ದ್ವೀಪಗಳಲ್ಲಿಯೇ ಏಕೆ ಎಂದರೆ, ಊರು, ಉಳುಮೆ, ರಸ್ತೆಗಳಿಲ್ಲದ ಕಡೆಯಲ್ಲಿ ಪದರಗಳು ಕಲಕಿಹೋಗಿರುವುದಿಲ್ಲ. ನೇಗಿಲು ಒಂದು ಮೊಳ ಆಳಕ್ಕೆ ಹೋದರೂ ಸಾಕು, ಸಾವಿರ ವರ್ಷದ ಬರಹ ಅಳಿಸಿಹೋಗುತ್ತದೆ. ಗಣಿಯ ಯಂತ್ರದ ವಿಷಯ ಹೇಳಬೇಕಾಗಿಲ್ಲ.

ಕಾಲವನ್ನು ಹೇಗೆ ತಿಳಿಯುತ್ತಾರೆ? ಮರಳಿನ ಮೇಲೆ ಕೆಳಗೆ ಸಿಕ್ಕ ಇದ್ದಿಲು, ಬೇರು, ಚಿಪ್ಪುಗಳಲ್ಲಿ ಉಳಿದಿರುವ ಇಂಗಾಲ-14ರ ಪ್ರಮಾಣವನ್ನು ಅಳೆಯುತ್ತಾರೆ. ಸತ್ತ ಜೀವಿಯಲ್ಲಿ ಅದು ಗೊತ್ತಾದ ವೇಗದಲ್ಲಿ ಕರಗುತ್ತದೆ. ಇನ್ನೊಂದು ವಿಧಾನದಲ್ಲಿ ಮರಳಿನ ಕಣವೇ ಗಡಿಯಾರ: ಅದು ಕೊನೆಯ ಸಲ ಬಿಸಿಲನ್ನು ಕಂಡು ಎಷ್ಟು ಕಾಲವಾಯಿತೆಂದು ಪ್ರಯೋಗಶಾಲೆಯ ಕತ್ತಲೆಕೋಣೆಯಲ್ಲಿ ಅಳೆಯಬಹುದು. ಆದರೆ ಅಲೆ ತಂದುಹಾಕಿದ ಚಿಪ್ಪು ಅಲೆಗಿಂತ ಮುನ್ನೂರು ವರ್ಷ ಹಳೆಯದಾಗಿರಬಹುದು. ಆದುದರಿಂದ ಉತ್ತರ ಒಂದು ತಾರೀಖಾಗಿ ಬರುವುದಿಲ್ಲ, ಒಂದು ಅವಧಿಯಾಗಿ ಬರುತ್ತದೆ.

ರಾಜೇಂದ್ರನ್ ದಂಪತಿಗಳು, ವನೆಸ್ಸಾ ಆಂದ್ರಾದೆ ಮತ್ತು ಎಸ್. ಶ್ರೀನಿವಾಸಲು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ಹಿಂದಿನ ಎರಡು ಸಾವಿರ ವರ್ಷಗಳಲ್ಲಿ ಈ ಭಾಗದಲ್ಲಿ ಐದರವರೆಗೂ ಸುನಾಮಿಗಳು ಎದ್ದಿರಬಹುದು. ಮೊದಲನೆಯ ಗುರುತುಗಳು ಕಾರ್ ನಿಕೋಬಾರಿನ ದಕ್ಷಿಣದ ಹವಳದ ಚೂರುಗಳ ರಾಶಿಯಲ್ಲಿವೆ. ಕಾಲ ಎರಡನೆಯ ಶತಮಾನದಿಂದ ಆರನೆಯ ಶತಮಾನದ ನಡುವೆ. ಅನಂತರದ್ದು ಕ್ರಿ.ಶ. 770ರಿಂದ 1040ರ ನಡುವಿನದು. ಅದರ ಗುರುತು ದ್ವೀಪಗಳಲ್ಲೂ ಇದೆ, ನಮ್ಮ ಪೂರ್ವ ಕರಾವಳಿಯಲ್ಲೂ ಇದೆ. 2004ರಷ್ಟು ದೊಡ್ಡದಾಗಿದ್ದಿರಬಹುದಾದ ಅಲೆಗಳಲ್ಲಿ ಅದಕ್ಕೇ ಮೊದಲ ಸ್ಥಾನ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ರಾಷ್ಟ್ರಕೂಟರ ಕಾಲ, ಪಂಪನ ಕಾಲ. ಅದರ ನಂತರ 1250ರಿಂದ 1450ರ ನಡುವೆ ಇನ್ನೊಂದು. ಸುಮಾತ್ರಾದ ಸಿಮೆಲು ದ್ವೀಪದ ಹವಳಗಳು 1390ರ ದಶಕದಲ್ಲಿ ಒಮ್ಮೆ, 1450ರ ಸುಮಾರಿಗೆ ಮತ್ತೊಮ್ಮೆ ನೆಲ ಮೇಲೆದ್ದುದನ್ನು ತೋರಿಸುತ್ತವೆ. ಅವುಗಳಲ್ಲಿ ಯಾವುದೋ ಒಂದಕ್ಕೆ ಇದು ಹೊಂದಿಕೆಯಾದೀತು. ಹಂಪಿಯಲ್ಲಿ ಎರಡನೆಯ ಹರಿಹರ ಆಳುತ್ತಿದ್ದ ಕಾಲ ಮೊದಲನೆಯದು. ಮಲ್ಲಿಕಾರ್ಜುನರಾಯ ಆಳುತ್ತಿದ್ದ ಕಾಲ ಎರಡನೆಯದು. 1762 ಮತ್ತು 1881ರ ಸಣ್ಣ ಅಲೆಗಳ ಗುರುತೂ ದ್ವೀಪಗಳಲ್ಲಿ ದೊರೆತಿದೆ.

ಎದುರು ದಡದ ಸಾಕ್ಷಿಯ ಮಾತು ಬಂತು. ಮಹಾಬಲಿಪುರದ ಹತ್ತಿರ ಸಾಲುವನ್‌ಕುಪ್ಪಂ ಎಂಬ ಊರಿದೆ. 2004ರ ಅಲೆ ಅಲ್ಲಿನ ಮರಳನ್ನು ಕೊಚ್ಚಿಕೊಂಡು ಹೋದಾಗ ಶಾಸನವಿದ್ದ ಬಂಡೆಯೊಂದು ಹೊರಗೆ ಕಂಡಿತು. ಶಾಸನದಲ್ಲಿ ಒಂದು ಸುಬ್ರಹ್ಮಣ್ಯ ದೇವಾಲಯದ ಪ್ರಸ್ತಾಪವಿತ್ತು. ದೇವಾಲಯ ಮಾತ್ರ ಎಲ್ಲಿಯೂ ಇರಲಿಲ್ಲ. 2005ರಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಮರಳಿನಡಿ ಪಲ್ಲವರ ಕಾಲದ ಗುಡಿ, ಅದರಡಿ ಇನ್ನೂ ಹಳೆಯ ಇಟ್ಟಿಗೆಯ ಗುಡಿ ದೊರೆಯಿತು. ಅದು ಕಡಲಿನ ಅಲೆಗೆ, ಪ್ರಾಯಶಃ ಸುನಾಮಿಗೇ, ಸಿಕ್ಕಿ ಬಿದ್ದಿರಬೇಕೆಂದು ಅಗೆದವರ ಅಭಿಪ್ರಾಯ. ನಮ್ಮ ಬೆಟ್ಟದ ಮೇಲೆ ಕುಮಾರಸ್ವಾಮಿಯಾಗಿ ನಿಂತವನಿಗೆ ಕಡಲದಂಡೆಯಲ್ಲಿ ಅಂಥ ಗತಿ ಬಂದಿತ್ತು. ಒಂದು ಅಲೆ ಮುಚ್ಚಿದ್ದನ್ನು ಮತ್ತೊಂದು ಅಲೆ ತೆರೆದು ತೋರಿಸಿತೆಂಬುದು ಕೇಳಲು ಕಥೆಯಂತಿದ್ದರೂ ನಡೆದದ್ದು.

ಬೇರೆ ದೇಶಗಳ ಎರಡು ಜಾಗಗಳನ್ನು ಹೇಳಲೇಬೇಕು. ಥೈಲೆಂಡಿನ ಫ್ರಾ ಥಾಂಗ್ ದ್ವೀಪದ ಹುಲ್ಲುಗಾವಲಿನ ತಗ್ಗುಗಳಲ್ಲಿ ಗುಂಡಿ ತೋಡಿದವರಿಗೆ ಕಪ್ಪುಬಿಳುಪಿನ ಪದರಗಳು ಅಚ್ಚುಕಟ್ಟಾಗಿ ದೊರೆತವು. 2004ಕ್ಕಿಂತ ಹಿಂದಿನ ಅಲೆ ಅಲ್ಲಿಗೆ ಬಂದದ್ದು 550ರಿಂದ 700 ವರ್ಷಗಳಷ್ಟು ಹಿಂದೆ ಎಂದು 2008ರಲ್ಲಿ ಪ್ರಕಟವಾಯಿತು. ಸುಮಾತ್ರಾದ ಬಂದಾ ಆಚೆಯ ಸಮೀಪ ಕಡಲಂಚಿನಲ್ಲೇ ಒಂದು ಗುಹೆಯಿದೆ. ಗುಹೆಯ ಬಾಯಿಗೆ ಎತ್ತರದ ಹೊಸ್ತಿಲಿರುವುದರಿಂದ ಸಾಮಾನ್ಯ ಅಲೆಗಳು ಒಳಗೆ ಬರುವುದಿಲ್ಲ, ಸುನಾಮಿ ಬರುತ್ತದೆ. ಒಳಗೆ ಬಾವಲಿಗಳ ಹಿಕ್ಕೆಯ ಕಪ್ಪು ಪದರ, ಅದರ ಮೇಲೆ ಮರಳು, ಮತ್ತೆ ಹಿಕ್ಕೆ, ಮತ್ತೆ ಮರಳು. ಹೀಗೆ ಸುಮಾರು 7,400 ವರ್ಷಗಳ ಹಿಂದಿನಿಂದ 2,900 ವರ್ಷಗಳ ಹಿಂದಿನವರೆಗೆ ಹನ್ನೊಂದು ಸುನಾಮಿಗಳ ಲೆಕ್ಕ ಅಲ್ಲಿ ಉಳಿದಿದೆ. ಅನಂತರದ ಪದರಗಳನ್ನು 2004ರ ಅಲೆಯೇ ಕೆರೆದುಕೊಂಡು ಹೋಯಿತು. ಈ ಗುಹೆ ಕಲಿಸಿದ ಮುಖ್ಯ ಸಂಗತಿ ಹನ್ನೊಂದು ಎಂಬ ಸಂಖ್ಯೆಯಲ್ಲ. ಎರಡು ಅಲೆಗಳ ನಡುವಿನ ಅಂತರ ಒಮ್ಮೆ ಎರಡು ಸಾವಿರ ವರ್ಷಗಳನ್ನೂ ಮೀರಿತ್ತು. ಇನ್ನೊಮ್ಮೆ ಒಂದೇ ಶತಮಾನದೊಳಗೆ ಅಲೆಯ ಮೇಲೆ ಅಲೆ ಬಂದಿತ್ತು. ಕಡಲಿಗೆ ಪಂಚಾಂಗವಿಲ್ಲ.

ಬರಹವಿಲ್ಲದ ಜನರ ನೆನಪಿನ ವಿಷಯವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಸಿಮೆಲು ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಬದುಕಿದವರು ಅದಕ್ಕೆ ‘ಸ್ಮಾಂಗ್’ ಎಂದು ಹೆಸರಿಟ್ಟು, ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂದು ಹಾಡಿನಲ್ಲಿ, ಜೋಗುಳದಲ್ಲಿ ಮಕ್ಕಳಿಗೆ ಕಲಿಸಿದರು. ತೊಂಬತ್ತೇಳು ವರ್ಷಗಳ ನಂತರ ಭೂಕಂಪದ ಕೇಂದ್ರಕ್ಕೆ ತೀರ ಸಮೀಪದಲ್ಲಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಲಿಟಲ್ ಅಂಡಮಾನಿನ ಓಂಗೆ ಜನರೂ ನೀರು ಹಿಂದೆ ಸರಿದದ್ದನ್ನು ಕಂಡು ಎತ್ತರಕ್ಕೆ ಹೋಗಿ ಉಳಿದುಕೊಂಡರು. ಆದರೆ ಅಜ್ಜಿಯ ನೆನಪು ಮೂರ‍್ನಾಲ್ಕು ತಲೆಮಾರು ನಡೆಯುತ್ತದೆ. ಐನೂರು, ಸಾವಿರ ವರ್ಷಕ್ಕೊಮ್ಮೆ ಬರುವುದನ್ನು ಯಾವ ಜೋಗುಳವೂ ಹೊತ್ತು ತರಲಾರದು. ಅದಕ್ಕೆ ನೆಲವೇ ಬೇಕು.

ಈಗ ಗ್ರೇಟ್ ನಿಕೋಬಾರಿಗೆ ಬರುತ್ತೇನೆ. 4.25 ಮೀಟರ್ ಕುಸಿದ ದೀಪಸ್ತಂಭದಿಂದ ಹೆಚ್ಚು ದೂರವಲ್ಲದ ಗಲಾಥಿಯಾ ಕೊಲ್ಲಿಯಲ್ಲಿ ಹಡಗುಗಳ ಸರಕು ಬದಲಾಯಿಸುವ ದೊಡ್ಡ ಬಂದರು, ದ್ವೀಪದಲ್ಲಿ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ, ಇವಿಷ್ಟನ್ನು ಕಟ್ಟುವ ಯೋಜನೆಗೆ 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ದೊರೆಯಿತು. ಯೋಜನೆಯ ವಿಸ್ತಾರ ಸುಮಾರು 166 ಚದರ ಕಿಲೋಮೀಟರ್; ಅದರಲ್ಲಿ ಸುಮಾರು 130 ಚದರ ಕಿಲೋಮೀಟರ್ ಕಾಡು. ಅದಕ್ಕೂ ಮುನ್ನ 2021ರಲ್ಲಿ, ದೈತ್ಯ ಕಡಲಾಮೆಗಳು ಮೊಟ್ಟೆಯಿಡುವ ಆ ಕೊಲ್ಲಿಯ ಅಭಯಾರಣ್ಯವನ್ನು ಪಟ್ಟಿಯಿಂದ ತೆಗೆಯಲಾಯಿತು. ಕಡಿಯುವ ಕಾಡಿಗೆ ಬದಲಾಗಿ ಹರಿಯಾಣದಲ್ಲಿ ಗಿಡ ನೆಡುವ ಪ್ರಸ್ತಾಪವೂ ಇತ್ತು. ಗಣಿಗೆ ಹೋದ ಕಾಡಿಗೆ ಬದಲಿ ಕಾಡು ಎಂದರೇನೆಂದು ಸಂಡೂರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಯೋಜನೆಯ ಚರ್ಚೆಯಲ್ಲಿ ಮರಳಿನ ಪದರವೂ ಬಂದಿದೆ. ಕಾನ್ಪುರದ ಐಐಟಿಯ ಜಾವೇದ್ ಮಲಿಕ್ ಮತ್ತು ಸಂಗಡಿಗರು ದಕ್ಷಿಣ ಅಂಡಮಾನಿನ ಬಡಾಬಾಲು ತೀರದಲ್ಲಿ ಕಂದಕ ತೋಡಿ, ಎಂಟು ಸಾವಿರ ವರ್ಷಗಳಲ್ಲಿ ಏಳು ಸುನಾಮಿಗಳ ಗುರುತು ಕಂಡು 2019ರಲ್ಲಿ ಪ್ರಕಟಿಸಿದರು. ಮಹಾಭೂಕಂಪಗಳು ಮರುಕಳಿಸುವ ಅವಧಿ 420ರಿಂದ 750 ವರ್ಷ, ಅವಕ್ಕಿಂತ ಸಣ್ಣವಾದರೂ ದೊಡ್ಡವೇ ಆದ ಭೂಕಂಪಗಳದ್ದು 80ರಿಂದ 120 ವರ್ಷ ಎಂಬುದು ಅವರ ಅಂದಾಜು. ಈ ಮೊದಲ ಸಂಖ್ಯೆಯನ್ನು ಹಿಡಿದುಕೊಂಡು, 2004ರಲ್ಲಿ ದೊಡ್ಡದು ಬಂದುಹೋಗಿದೆ, ಇನ್ನು ನಾನೂರು ವರ್ಷ ಚಿಂತೆಯಿಲ್ಲ ಎಂದು ವಾದಿಸುವವರಿದ್ದಾರೆ. ಅದು ಸಂಖ್ಯೆಯನ್ನು ಓದುವ ಕ್ರಮವಲ್ಲ. ನಮ್ಮಲ್ಲಿ ಹತ್ತು ವರ್ಷದ ಸರಾಸರಿ ಮಳೆಯ ಅಂಕಿಯನ್ನು ನಂಬಿ ಈ ವರ್ಷ ಜೋಳ ಬಿತ್ತುವ ರೈತನಿದ್ದಾನೆಯೇ? ಗುಹೆಯ ಹಿಕ್ಕೆಯ ಪದರಗಳು ಸರಾಸರಿಯ ಹಂಗಿಲ್ಲದೆ ನಡೆದುಕೊಂಡವು. ದಕ್ಷಿಣ ಅಂಡಮಾನಿನ ಪದರ ಗ್ರೇಟ್ ನಿಕೋಬಾರಿನ ಪದರವಲ್ಲ. ನಡುವೆ ಐನೂರು ಕಿಲೋಮೀಟರಿನ ಸುಮಾರು ದೂರವಿದೆ. ಬಂದರು ಕಟ್ಟಬೇಕೆಂದಿರುವ ದ್ವೀಪದ ಜೌಗಿನಲ್ಲಿ ಏನಿದೆ ಎಂಬುದನ್ನು ಆ ಜೌಗಿನಲ್ಲಿಯೇ ಗುಂಡಿ ತೋಡಿ ನೋಡಬೇಕು, ಕಾಂಕ್ರೀಟ್ ಹಾಕುವ ಮೊದಲು ನೋಡಬೇಕು. ಎರಡನೆಯ ಸಂಖ್ಯೆಯನ್ನು, ಅಂದರೆ 80ರಿಂದ 120 ವರ್ಷವನ್ನು, ಈ ವಾದಿಗಳು ಏಕೆ ಜೋರಾಗಿ ಓದುವುದಿಲ್ಲವೋ ನಾನರಿಯೆ. ಬಂದರಿನ ಆಯಸ್ಸು ಅದಕ್ಕೆ ಸಮೀಪವಾಗಿಯೇ ಇದೆ.

ಅಲ್ಲಿನ ಶೋಂಪೆನ್ ಜನ ಒಳನಾಡಿನ ಕಾಡಿನಲ್ಲಿದ್ದಾರೆ. ದಡದಲ್ಲಿದ್ದ ನಿಕೋಬಾರಿಗಳು 2004ರಲ್ಲಿ ತಮ್ಮ ಊರುಗಳನ್ನು ಕಳೆದುಕೊಂಡು ಸರ್ಕಾರಿ ವಸತಿಗಳಿಗೆ ಬಂದವರು. ಹಳೆಯ ಊರಿಗೆ ಮರಳುವ ಆಸೆಯನ್ನು ಅವರು ಬಿಟ್ಟಿಲ್ಲ. ಹೊಸದಾಗಿ ಬರಲಿರುವವರು ಲಕ್ಷಗಳ ಲೆಕ್ಕದಲ್ಲಿರುವ ಹೊರಗಿನವರು, ಅಲೆಯ ನೆನಪಿಲ್ಲದವರು. ಯೋಜನೆಗೆ ದೇಶದ ರಕ್ಷಣೆಯ ಕಾರಣವನ್ನೂ ಕೊಡಲಾಗಿದೆ. ಆ ವಿಷಯದಲ್ಲಿ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಆದರೆ ರಕ್ಷಣೆಗೆಂದು ಕಟ್ಟಿದ್ದೂ ಅದೇ ನೆಲದ ಮೇಲೆ ನಿಲ್ಲಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಇದಕ್ಕೆ ದ್ವೀಪಕ್ಕೆ ಹೋಗಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮೂರಿನ ಕೆರೆ ಒಣಗಿದಾಗ, ಹೂಳು ತೆಗೆಯುವವರು ಬರುವುದಕ್ಕೆ ಮೊದಲು, ಊರ ಹಿರಿಯರನ್ನು ಕೇಳಿ ಒಪ್ಪಿಗೆ ಪಡೆದು ಕೆರೆಯಂಗಳದ ತಗ್ಗಿನಲ್ಲಿ ಮೊಣಕಾಲು ಆಳದ ಗುಂಡಿ ತೋಡಿ. ಒಂದು ಗೋಡೆಯನ್ನು ಕುಡುಗೋಲಿನಿಂದ ನುಣ್ಣಗೆ ಸವರಿ. ಪದರಗಳು ಕಂಡರೆ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ, ಬಣ್ಣ ಬರೆದುಕೊಳ್ಳಿ, ಮಣ್ಣನ್ನು ಬೆರಳಿನಲ್ಲಿ ಉಜ್ಜಿ ಮರಳೋ ಜೇಡಿಯೋ ನೋಡಿ. ಯಾವ ವರ್ಷ ಕೋಡಿ ಹರಿಯಿತು, ಯಾವ ವರ್ಷ ಬರ ಬಿತ್ತೆಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಪದರಕ್ಕೆ ಹೊಂದಿಸಿ ನೋಡಿ. ಅದಿರಿನ ಲಾರಿಗಳು ಹಗಲಿರುಳು ಓಡಿದ ವರ್ಷಗಳ ಕೆಂಪು ಗೆರೆಯೊಂದು ಇದೆಯೇ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದ ನಂತರ ಅದು ತೆಳುವಾಗಿದೆಯೇ ಎಂದೂ ಹುಡುಕಿ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಒಂದೇ ಗುಂಡಿಗೆ ತೃಪ್ತಿಪಡದೆ ಕೆರೆಯ ಇನ್ನೊಂದು ಬದಿಯಲ್ಲೂ ತೋಡಿ. ನೋಡಿ ಮುಗಿದ ಮೇಲೆ ಗುಂಡಿಗಳನ್ನು ಮುಚ್ಚಿಬಿಡಿ, ಮೇಯಲು ಬಂದ ದನ ಬಿದ್ದು ಕಾಲು ಮುರಿದುಕೊಂಡೀತು.